ಕಲಬೆರಕೆ ಕಾಲೇಜು

ಆ ಮಾತನ್ನು ನಾನು ಮೊದಲು ಕೇಳಿದ್ದು ಹಾಲಿಗೆ ನೀರು ಬೆರೆಸುವವರ ಬಾಯಲ್ಲಿ. ಪಿಯುಸಿ ಫಲಿತಾಂಶ ಬಂದ ವಾರ ಅದು. ಕೆಜಿಎಫ್ ಕಡೆಯ ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನ ಡೈರಿ ಮುಂದೆ ಬೆಳಗಿನ ಸಾಲು ನಿಂತಿತ್ತು. ನನ್ನ ಮುಂದೆ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಹಾಲಿನ ಕ್ಯಾನನ್ನು ಕಾಲ ಬಳಿ ಇಟ್ಟುಕೊಂಡು ಬೆಂಕಿಕಡ್ಡಿಯಲ್ಲಿ ಹಲ್ಲು ಕೆದಕುತ್ತಿದ್ದರು. ಡಿಗ್ರಿಗೆ ಎಲ್ಲಿ ಸೇರುತ್ತೀಯಮ್ಮ ಎಂದು ಸಾಲಿನಲ್ಲಿದ್ದ ಯಾರೋ ಕೇಳಿದರು. ಕೇಳಿದ್ದು ನನ್ನನ್ನು, ಉತ್ತರ ಕೊಟ್ಟದ್ದು ದೊಡ್ಡಪ್ಪ.

"ನಮ್ ಉಡ್ಗೀನ ಉಡ್ಗೀರ್ ಕಾಲೇಜ್ಗೇ ಆಕೋದು. ಬೆಂಗ್ಳೂರ್ ಕಡೆ ಇನ್ನೊಂದೈತಂತೆ, ಗಂಡೂ ಎಣ್ಣೂ ಒಂದೇ ಬೆಂಚ್ನಲ್ಲಿ. ಕಲಬೆರಕೆ ಕಾಲೇಜು! ಕಲಬೆರಕೆ ಎಲ್ಲಾ ನಮ್ಮನೇಗೆ ಆಗ್ಬರಲ್ಲ."

ಸಾಲಿನವರು ನಕ್ಕರು. ದೊಡ್ಡಪ್ಪ ಕಡ್ಡಿಯ ತುದಿಗೆ ಸಿಕ್ಕಿದ್ದನ್ನು ಒಮ್ಮೆ ನೋಡಿ, ಅದನ್ನು ಪಂಚೆಗೆ ಒರೆಸಿ, ಕ್ಯಾನು ಎತ್ತಿ ಸೆಕ್ರೆಟರಿಯ ಮೇಜಿನ ಮೇಲಿಟ್ಟರು. ಹಾಲಿನ ಗಟ್ಟಿತನ ಅಳೆದಾಗ ಬರುವ ಅಂಕಿಗೂ ನಮ್ಮ ಕಡೆ ಡೈರಿಗಳಲ್ಲಿ ಡಿಗ್ರಿ ಅಂತಲೇ ಹೆಸರು. ಸೆಕ್ರೆಟರಿ ಅಳೆದು, "ಯಜಮಾನ್ರೇ, ಡಿಗ್ರಿ ಕಮ್ಮಿ ಐತಲ್ಲ" ಅಂದ. ದೊಡ್ಡಪ್ಪ ಒಂದಿಷ್ಟೂ ಮುಜುಗರವಿಲ್ಲದೆ, "ಅಸುಗೆ ಉಸಾರಿಲ್ಲ ಕಣಪ್ಪ" ಅಂದರು.

ದೊಡ್ಡಪ್ಪನ ಹಸುವಿಗೆ ನಾನು ಲಂಗ ಹಾಕುತ್ತಿದ್ದ ಕಾಲದಿಂದಲೂ ಹುಷಾರಿಲ್ಲ. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಬೆಳಿಗ್ಗೆ ಹಾಲು ಕರೆದ ಸದ್ದು ನಿಂತ ಮೇಲೆ ಅವರ ಹಿತ್ತಲ ನಲ್ಲಿ ಬಿಡುವ ಸದ್ದು ಬರುತ್ತದೆ, ಆಮೇಲೆ ಕ್ಯಾನಿನ ಮುಚ್ಚಳ ಹಾಕುವ ಸದ್ದು. ಊರಿಗೆಲ್ಲ ಗೊತ್ತು. ಆದರೆ ಹಿರಿಯರು, ಡೈರಿ ಕಮಿಟಿಯಲ್ಲಿದ್ದವರು, ಹೇಳುವವರು ಯಾರು? ಅಂಥವರು ಆ ಕ್ಯಾನಿನ ಪಕ್ಕವೇ ನಿಂತು ಇನ್ನೊಂದನ್ನು ಕಲಬೆರಕೆ ಅಂದಾಗ ನನಗೆ ಅಸಹ್ಯವಾಯಿತು. 'ಅಂದರು', 'ಇಟ್ಟರು' ಎಂಬ ಬಹುವಚನ ಇಲ್ಲಿ ಬರುತ್ತಿರುವುದು ಬರೀ ಅಭ್ಯಾಸದಿಂದ. ಗೌರವ ಅಂತ ಯಾರೂ ತಿಳಿಯಬಾರದು.

ಅದನ್ನು ಅಲ್ಲೇ ಅವರ ಮುಖಕ್ಕೆ ಹೇಳಬೇಕಿತ್ತು. ನನ್ನ ಕಷ್ಟ ಅದೇ ಆಗಿತ್ತು. ನನಗೆ ಬಾಯಿ ಬರುತ್ತಿರಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಪಿಯುಸಿ ಓದುವಾಗ ಒಮ್ಮೆ ಕ್ಲಾಸಿನಲ್ಲಿ ಎದ್ದು ನಿಂತು, ಅವಸರದಲ್ಲಿ 'ಹೇಳ್ತೀನಿ' ಅನ್ನುವುದನ್ನು 'ಏಳ್ತೀನಿ' ಅಂದುಬಿಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗರು, "ಎದ್ದೇ ನಿಂತಿದ್ದೀಯಲ್ಲಮ್ಮ, ಇನ್ನೆಷ್ಟು ಏಳ್ತೀಯ" ಅಂದರು. ಮೇಷ್ಟ್ರೂ ನಕ್ಕರು. ಅವರ ನಗುವನ್ನು ನಾನು ಮರೆತಿಲ್ಲ. ಅಲ್ಲಿಂದ ಮುಂದೆ ನಾನು ಕ್ಲಾಸಿನಲ್ಲಿ ಏಳಲೂ ಇಲ್ಲ, ಹೇಳಲೂ ಇಲ್ಲ. ಹಾಗಾಗಿ ಡಿಗ್ರಿಗೆ ಎಲ್ಲಿ ಅನ್ನುವ ಪ್ರಶ್ನೆ ನನಗೆ ಯಾವ ಸಬ್ಜೆಕ್ಟು ಅನ್ನುವುದಕ್ಕಿಂತ, ಎಲ್ಲಿ ಬಾಯಿ ಬಿಡಬಹುದು ಅನ್ನುವ ಪ್ರಶ್ನೆಯಾಗಿತ್ತು. ಅದನ್ನು ನಾನೇ ತೀರ್ಮಾನಿಸಬೇಕು ಅನ್ನುವ ಹಟವೂ ಇತ್ತು.

ಎರಡೂ ಕಡೆ ಸೀಟು ಸಿಗುವ ಹಾಗಿತ್ತು. ಒಂದು ಬಸ್ಸಿನಲ್ಲಿ ಹೋಗಿಬರಬಹುದಾದ ಮಹಿಳಾ ಕಾಲೇಜು. ಇನ್ನೊಂದು ಬೆಂಗಳೂರಿನ ಹೊರಗೆ ಹೊಸದಾಗಿ ಎದ್ದಿದ್ದ ಲಿಬರಲ್ ಆರ್ಟ್ಸ್ ಕಾಲೇಜು. ಆ ಹೆಸರಿನ ಎರಡು ಪದಗಳಿಗೂ ನಮ್ಮ ಕಡೆ ಮರ್ಯಾದೆಯಿಲ್ಲ. ಆರ್ಟ್ಸ್ ಅಂದರೆ ಸೈನ್ಸ್ ಸಿಗದವರು ಓದುವುದು. ಲಿಬರಲ್ ಅಂದರೆ ಪೇಪರ್ ತಿದ್ದುವವರು ಕಣ್ಣುಮುಚ್ಚಿ ಮಾರ್ಕ್ಸ್ ಕೊಡುವುದು. ಅದೇ ಪದ ಹುಡುಗಿಗೆ ಅಂಟಿಕೊಂಡರೆ ಅರ್ಥವೇ ಬೇರೆ. ದೊಡ್ಡಪ್ಪನ ಮಗ, ನನ್ನ ಅಣ್ಣ, ಅದನ್ನು ಹೇಳುವಾಗ ಒಂದು ಕಣ್ಣು ಸಣ್ಣ ಮಾಡುತ್ತಿದ್ದ. ಆ ಕಣ್ಣನ್ನು ನೋಡಿದರೆ ಸಾಕಿತ್ತು, ನನಗೆ ಮೈ ಉರಿಯುತ್ತಿತ್ತು.

ಅಪ್ಪ ಬಂಗಾರಪೇಟೆಯಿಂದ ರೈಲು ಹತ್ತಿ ದಿನಾ ಬೆಂಗಳೂರು ಕಡೆ ಕೆಲಸಕ್ಕೆ ಹೋಗಿಬರುವವರು. ಮನೆಗೆ ಬರುವಷ್ಟರಲ್ಲಿ ಅವರಲ್ಲಿ ಅಭಿಪ್ರಾಯ ಅನ್ನುವುದು ಉಳಿದಿರುತ್ತಿರಲಿಲ್ಲ. "ಅಣ್ಣ ಏನಂತಾನೋ ನೋಡಣ" ಅಂದು ಮಲಗಿದರು. ಎದ್ದದ್ದು ಅಮ್ಮ. ಅಮ್ಮನ ತವರು ಆಂಧ್ರದ ಗಡಿ ದಾಟಿದ ಮೇಲೆ ಸಿಗುವ ಊರು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಕನ್ನಡದಲ್ಲಿ ತೆಲುಗು ತುಂಬಿದೆ. ದೊಡ್ಡಪ್ಪ ಅದನ್ನೂ ಕಲಬೆರಕೆ ಮಾತು ಅಂತಲೇ ಆಡಿಕೊಳ್ಳುತ್ತಿದ್ದರು.

"ಎಮ್ಮೆ ತರ್ಬೇಕಂದ್ರೂ ಓಗಿ ಅಲ್ಲು ನೋಡಿ, ಕೆಚ್ಚಲು ನೋಡಿ ತತ್ತೀವಿ. ಬಿಡ್ಡನ್ನ ಸೇರ್ಸೋ ಜಾಗ ನೋಡ್ದೇನೇ ಎಂಗೆ? ಎಲ್ಡೂ ಕಡೆ ಓಗಣ, ಎದ್ದೇಳು," ಅಂದಳು ಅಮ್ಮ.

ಮೊದಲು ಬೆಂಗಳೂರು ಕಡೆಯದು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ಗಾಡಿ ಬಂದರೆ ಜನ ಹತ್ತುವುದಿಲ್ಲ, ತುಂಬಿಕೊಳ್ಳುತ್ತಾರೆ. ಬಾಗಿಲ ಬಳಿ ಅಮ್ಮನನ್ನೂ ನನ್ನನ್ನೂ ಒತ್ತಿ ನಿಂತಿದ್ದ ಒಬ್ಬ ಹಣೆಗೆ ವಿಭೂತಿ ಇಟ್ಟ ಮನುಷ್ಯ, ಗಾಡಿ ಅಲುಗಿದಾಗಲೆಲ್ಲ ಬೇಕಾದ್ದಕ್ಕಿಂತ ಹೆಚ್ಚು ಅಲುಗುತ್ತಿದ್ದ. ಅಮ್ಮ ಊಟದ ಡಬ್ಬಿಯ ಚೀಲವನ್ನು ನಮ್ಮಿಬ್ಬರ ಮಧ್ಯೆ ತಂದು, ಅದರ ಮೂಲೆಯನ್ನು ಅವನ ಹೊಟ್ಟೆಗೆ ಒತ್ತಿ ಹಿಡಿದಳು. ಆ ಮನುಷ್ಯ ಇಳಿಯುವವರೆಗೂ ಅವಳು ಕೈ ಸಡಿಲಿಸಲಿಲ್ಲ. ಕಾಲೇಜು ತಲುಪುವಾಗ ನನಗೆ ಸ್ನಾನ ಮಾಡಬೇಕು ಅನ್ನಿಸುತ್ತಿತ್ತು.

ಕಾಲೇಜು ಮಾತ್ರ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಹುಲ್ಲು, ಗಾಜು, ತಣ್ಣಗಿನ ಲೈಬ್ರರಿ. ಸಂದರ್ಶನಕ್ಕೆ ಕೂತವರು ಮೃದುವಾಗಿ ಮಾತಾಡುವ ಜನ. ನಾನು ಕೆಜಿಎಫ್ ಕಡೆಯವಳು ಅಂದ ಕೂಡಲೇ ಅವರ ಮುಖದಲ್ಲಿ ಒಂದು ಥರದ ಕನಿಕರ ಬಂತು. ಅದನ್ನು ಮೊದಲೇ ಸಿದ್ಧ ಮಾಡಿ ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ. "ಗಣಿ ಮುಚ್ಚಿದಾಗ ನಿಮಗೆ ಹೇಗನಿಸಿತು?" ಎಂದು ಒಬ್ಬರು ಕೇಳಿದರು. ಗಣಿ ಮುಚ್ಚಿದಾಗ ನಾನು ಹುಟ್ಟಿರಲಿಲ್ಲ. ನಮ್ಮ ಮನೆಯವರು ಯಾರೂ ಗಣಿಗೆ ಇಳಿದವರಲ್ಲ, ನಾವು ರಾಗಿ, ಟೊಮೆಟೊ, ಹಾಲಿನ ಜನ ಅಂದೆ. ಅವರಿಗೆ ನಿರಾಸೆಯಾಯಿತು. ಹಾಗಿದ್ದರೆ ಬೇರೆ ಏನಾದರೂ ನೋವು, ಹೋರಾಟ ಇದ್ದರೆ ಹೇಳಿ, ನಿಮ್ಮ ಕಥೆ ನಮಗೆ ಬೇಕು ಅಂದರು. ಹರಿದ ಸೀರೆ ತೋರಿಸಿದರೆ ಹೊಸ ಸೀರೆ ಕೊಡುವವರ ಮುಂದೆ ನಿಂತ ಹಾಗಾಯಿತು. ನನಗೆ ಅಸಹ್ಯವಾಯಿತು, ಆದರೂ ಹಲ್ಲು ಕಿರಿದೆ.

ಆಮೇಲೆ ಒಂದು ಕ್ಲಾಸಿನಲ್ಲಿ ಕೂರಿಸಿದರು. ಅವತ್ತಿನ ಚರ್ಚೆ ಸಾರ್ವಜನಿಕ ಜಾಗಗಳಲ್ಲಿ ಹೆಣ್ಣುಮಕ್ಕಳ ಸುರಕ್ಷತೆ ಬಗ್ಗೆ. ನನ್ನ ಮೈಮೇಲೆ ಆ ವಿಭೂತಿಯವನ ಭಾರ ಇನ್ನೂ ಇತ್ತು. ಹೇಳುವುದಕ್ಕೆ ನನ್ನ ಬಳಿ ಬಿಸಿಬಿಸಿಯಾದದ್ದು ಇತ್ತು. ಆದರೆ ಇಬ್ಬರು ಹುಡುಗರು ಮಾತು ಶುರುಮಾಡಿದರು, ಪೀರಿಯಡ್ ಮುಗಿಯುವವರೆಗೂ ಅವರೇ ಮಾತಾಡಿದರು. ಒಳ್ಳೆಯದನ್ನೇ ಆಡಿದರು. ಹೆಣ್ಣಿನ ನೋವಿನ ಬಗ್ಗೆ ಅವರಿಗೆ ಬಹಳ ತಿಳಿದಿತ್ತು. ನಾಲ್ಕಾರು ಹುಡುಗಿಯರು ತಲೆಯಾಡಿಸಿದರು, ಒಬ್ಬಳು ಬಾಯಿ ತೆರೆದಾಗ, "ಎಕ್ಸಾಕ್ಟ್ಲಿ, ನಾನೂ ಅದನ್ನೇ ಹೇಳ್ತಿದ್ದೆ" ಅಂದು ಮಾತನ್ನು ಕಿತ್ತುಕೊಂಡರು. ರಾಬರ್ಟ್‌ಸನ್‌ಪೇಟೆಯ ಹಿಂದಿನ ಬೆಂಚಿನವರು ಅಣಕಿಸಿ ನನ್ನ ಬಾಯಿ ಮುಚ್ಚಿಸಿದ್ದರು. ಇವರು ಹೊಗಳುತ್ತಾ ಮುಚ್ಚಿಸುತ್ತಿದ್ದರು. ವಾಪಸು ಬರುವಾಗ ಅಮ್ಮ ಏನಾಯ್ತೆಂದು ಕೇಳಿದಳು. "ಅಲ್ಲಿ ಹುಡುಗರೇ ಹುಡುಗೀರ ಮಾತೂ ಆಡ್ತಾರಮ್ಮಾ" ಅಂದೆ.

ಮಾರನೆಯ ವಾರ ಮಹಿಳಾ ಕಾಲೇಜು. ಅಲ್ಲಿ ಹುಲ್ಲೂ ಇಲ್ಲ, ಗಾಜೂ ಇಲ್ಲ. ಎತ್ತರದ ಕಾಂಪೌಂಡು, ಕಬ್ಬಿಣದ ಗೇಟು, ಗೇಟಿನ ಒಳಗೆ ವೇಲಿಗೆ ಪಿನ್ನು ಹಾಕಿದೆಯೋ ಇಲ್ಲವೋ ಎಂದು ಹುಡುಗಿಯರ ಭುಜವನ್ನು ಮುಟ್ಟಿ ನೋಡುವ ಒಬ್ಬ ಹೆಂಗಸು. ಆಫೀಸಿನ ಗುಮಾಸ್ತ ನನ್ನನ್ನು ಬಿಟ್ಟು ಅಮ್ಮನ ಹತ್ತಿರ, "ಇಲ್ಲಿ ಸೇರ್ಸುದ್ರೆ ನೀವು ನಿಶ್ಚಿಂತೆಯಾಗಿರಬೌದು, ಗೇಟ್ ದಾಟಲ್ಲ ಮಕ್ಳು" ಅಂದ. ದನದ ದೊಡ್ಡಿಯ ಬಗ್ಗೆ ಹೇಳಿದ ಹಾಗಿತ್ತು. ಟಾಯ್ಲೆಟ್ಟಿನ ನಾತ ಕಾರಿಡಾರಿನ ಅರ್ಧದವರೆಗೂ ಬರುತ್ತಿತ್ತು. ಇದೂ ಬೇಡ, ಅದೂ ಬೇಡ, ಮನೆಯಲ್ಲೇ ಕೂತು ಸಗಣಿ ಬಾಚುತ್ತೇನೆ ಅನ್ನಿಸಿತು.

ಆಗ ಪಕ್ಕದ ಕ್ಲಾಸಿನಿಂದ ಗಲಾಟೆ ಕೇಳಿ ಇಣುಕಿದೆ. ಟೀಚರ್ ಕುರ್ಚಿಯಲ್ಲಿ ಕೂತು ನಗುತ್ತಿದ್ದರು. ತಮಿಳಿನವರು ಹೆಚ್ಚಿರುವ ಉರಿಗಾಂ ಕಡೆಯವಳಿರಬೇಕು, ಎಣ್ಣೆ ಹಚ್ಚಿದ ಜಡೆಯ ಹುಡುಗಿಯೊಬ್ಬಳು ಡೆಸ್ಕಿನ ಮೇಲೆ ಹತ್ತಿ ಕೂತು, ಕಾಲು ಆಡಿಸುತ್ತಾ, ಕೈಯಲ್ಲಿದ್ದ ಪಠ್ಯಪುಸ್ತಕವನ್ನು ಎತ್ತಿ ಬೈಯುತ್ತಿದ್ದಳು. "ಇದು ಬುಕ್ಕಾಡೀ? ಒಣ್ಣುಮೇ ಪುರಿಯಲೆ! ಒಂದ್ ಲೈನಾದ್ರೂ ಅರ್ಥ ಆಗೋ ಅಂಗೆ ಬರ್ದವ್ನಾ ಇವ್ನು?" ತಮಿಳು, ಕನ್ನಡ ಎರಡರಲ್ಲೂ ಬೈದಳು. ಇನ್ನೊಬ್ಬಳು ತೆಲುಗಿನಲ್ಲಿ ಅವಳನ್ನೇ ಬೈದಳು. ಮೂರನೆಯವಳು ಇಬ್ಬರಿಗೂ ತಿರುಗಿ ಬಿದ್ದಳು. ಯಾರ ಬಾಯಲ್ಲೂ 'ಹ' ಸರಿಯಾಗಿ ಬರುತ್ತಿರಲಿಲ್ಲ, ಯಾರೂ ಹಿಂದಿನ ಬೆಂಚಿನ ಕಡೆ ತಿರುಗಿ ನೋಡುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲೂ ಕಾಲು ಚಾಚಿ ಕೂತವರು ಹುಡುಗಿಯರೇ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವತ್ತು ನನಗೆ ಎಷ್ಟು ಆಸೆಯಾಯಿತೆಂದರೆ, ನಾಚಿಕೆ ಬಿಟ್ಟು ಒಳಗೆ ಹೋಗಿ ನನ್ನದೂ ಒಂದು ಬೈಗುಳ ಸೇರಿಸಬೇಕು ಅನ್ನಿಸಿತು.

ಹೊರಗೆ ಬಂದಾಗ ಕಾಲೇಜು ಬಿಡುವ ಹೊತ್ತು. ಗೇಟಿನ ಎದುರಿನ ರಸ್ತೆಯುದ್ದಕ್ಕೂ ಬೈಕುಗಳು. ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವವರು, ಬೇಕೆಂದೇ ಹಾರ್ನ್ ಹೊಡೆಯುವವರು, ನಿಲ್ಲಿಸಿದ ಬೈಕಿನ ಮೇಲೆ ಅಂಗಾತ ಮಲಗಿದವರು. ಅವರ ಮಧ್ಯೆ ಬಾಯಲ್ಲಿ ಏನೋ ಅಗಿಯುತ್ತಾ ನಮ್ಮ ಅಣ್ಣ, ದೊಡ್ಡಪ್ಪನ ಮಗ. ನಮ್ಮನ್ನು ನೋಡಿ ಗಡಬಡಿಸಿ ಇಳಿದ. "ನಿಮ್ಮುನ್ನ ನೋಡ್ಕೊಂಡೋಗಣ ಅಂತ ಬಂದೆ ಚಿಕ್ಕಮ್ಮ" ಅಂದ. ಅವನ ಬೈಕಿನ ಕೆಳಗೆ ಉಗಿದದ್ದರ ಕೆಂಪು ರಾಡಿ ನೋಡಿದರೆ ಅವನು ಬಂದು ಬಹಳ ಹೊತ್ತಾಗಿತ್ತು. ಯಾರಿಂದ ಕಾಪಾಡಲು ಆ ಗೇಟು ಹಾಕಿದ್ದಾರೆ ಅನ್ನುವುದು ಅವತ್ತು ನನಗೆ ಗೊತ್ತಾಯಿತು. ಅವರು ನಮ್ಮ ಮನೆಯ ಅನ್ನ ತಿಂದು ಬಂದವರೇ.

ನಾನು ಮಹಿಳಾ ಕಾಲೇಜನ್ನೇ ಆರಿಸಿದೆ. ಡೆಸ್ಕಿನ ಮೇಲೆ ಕೂತ ಆ ಹುಡುಗಿಗಾಗಿ, ಆ ಬೈಗುಳಕ್ಕಾಗಿ. ಮನೆಯಲ್ಲಿ ಹೇಳಿದ ಕ್ಷಣವೇ ಅದು ನನ್ನ ಕೈತಪ್ಪಿ ಹೋಯಿತು. ಮರುದಿನ ಡೈರಿ ಸಾಲಿನಲ್ಲಿ ದೊಡ್ಡಪ್ಪ ಎದೆಯುಬ್ಬಿಸಿ, "ನಾನೊಂದ್ ಮಾತೇಳ್ದೆ, ಉಡ್ಗಿ ಕಮಕ್ ಕಿಮಕ್ ಅನ್ಲಿಲ್ಲ. ಬೆಳ್ಸೋದು ಅಂದ್ರೆ ಅಂಗೆ ಬೆಳ್ಸಬೇಕು" ಅಂದರು. ಊರ ಹೆಂಗಸರು ನನ್ನ ಗಲ್ಲ ಸವರಿ ಬುದ್ಧಿವಂತೆ ಅಂದರು. ನಾನು ಮಾಡಿದ ಅಡುಗೆಯನ್ನು ಬೇರೆಯವರ ಮನೆ ಎಲೆಗೆ ಬಡಿಸಿದ ಹಾಗಾಗಿತ್ತು. ಅವರ ಬಾಯಿ ಮುಚ್ಚಿಸಬೇಕಾದರೆ ನನಗೆ ಬೇಡವಾದ ಕಾಲೇಜಿಗೆ ಹೋಗಬೇಕಿತ್ತು. ಅಮ್ಮ ಒಬ್ಬಳೇ ನನ್ನ ಮುಖ ನೋಡಿ, "ನೀನು ಆರ್ಸಿದ್ದು ಯಾಕಂತ ನಂಗೊತ್ತು. ಪೋನೀ, ಬಿಡು" ಅಂದಳು.

ಮೂರು ವರ್ಷ ಓದಿದೆ. ನಾತವೂ ಇತ್ತು, ಪಿನ್ನೂ ಇತ್ತು, ಬೈಕುಗಳೂ ಇದ್ದವು. ಆದರೆ ನಾನು ಆರಿಸಿದ್ದು ಸುಳ್ಳಾಗಲಿಲ್ಲ. ನಾನೂ ಡೆಸ್ಕಿನ ಮೇಲೆ ಕೂತೆ, ನಾನೂ ಮೂರು ಭಾಷೆಯಲ್ಲಿ ಜಗಳವಾಡಿದೆ, ಭಾಷಣ ಮಾಡಿದೆ. ಈಗ ರಾಬರ್ಟ್‌ಸನ್‌ಪೇಟೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಗಂಟಲು ಗೋಡೆಯಾಚೆಗೂ ಕೇಳುತ್ತದೆ ಅಂತ ಪಕ್ಕದ ಕ್ಲಾಸಿನವರು ದೂರುತ್ತಾರೆ. ಆದರೆ ಊರಿನ ಡೈರಿ ಸಾಲಿನಲ್ಲಿ, ದೊಡ್ಡಪ್ಪನ ಬೆನ್ನ ಹಿಂದೆ ನಿಂತಾಗ ಮಾತ್ರ, ಆ ಗಂಟಲು ಹಳೆಯ ಹಾಗೆಯೇ ಕಟ್ಟಿಕೊಳ್ಳುತ್ತಿತ್ತು.

ಹೋದ ವರ್ಷ ದೊಡ್ಡಪ್ಪನ ಮಗಳು, ನನ್ನ ತಂಗಿ, ಪಿಯುಸಿ ಮುಗಿಸಿದಳು. ನಾನು ಬೇಡವೆಂದು ಬಿಟ್ಟ ಆ ಬೆಂಗಳೂರಿನ ಹೊರಗಿನ ಕಾಲೇಜೇ ಅವಳಿಗೆ ಬೇಕಾಗಿತ್ತು. ಎಕನಾಮಿಕ್ಸ್ ಜೊತೆಗೆ ನಾಟಕವನ್ನೂ ಕಲಿಸುತ್ತಾರಂತೆ. ಅಲ್ಲಿ ಹುಡುಗರೇ ಮಾತಾಡುತ್ತಾರೆ ಕಣೇ ಎಂದು ನಾನು ಎಚ್ಚರಿಸಿದೆ. "ಆಡ್ಲಿ ಬಿಡಕ್ಕಾ. ನನ್ ಬಾಯಿ ಮುಂದೆ ಎಷ್ಟೊತ್ ಆಡ್ತಾರೆ?" ಅಂದಳು. ಅವಳಿಗೆ ಮೊದಲಿನಿಂದಲೂ ಬಾಯಿತ್ತು. ನನಗೆ ಬೇಕಾದದ್ದು ಅವಳಿಗೆ ಬೇಕಾಗಿರಲಿಲ್ಲ, ಅಷ್ಟೇ.

ದೊಡ್ಡಪ್ಪ ಆಗುವುದಿಲ್ಲ ಅಂದರು. ಅದಕ್ಕೆ ಅವರು ಹಿಡಿದ ದೊಣ್ಣೆ ನಾನು. "ನಿಮ್ಮಕ್ಕಂಗೆ ಎಲ್ಡು ಬಾಗ್ಲೂ ತೆಗ್ದಿತ್ತು. ಅವ್ಳಾಗವ್ಳೇ ಉಡ್ಗೀರ್ ಕಾಲೇಜು ಅಂದ್ಲು. ಅವ್ಳಿಗಿಲ್ದಿರೋ ಕಲಬೆರಕೆ ನಿಂಗ್ಯಾಕೆ?" ಗೋಡೆಯಾಚೆಯಿಂದ ಇದನ್ನು ಕೇಳಿ ನನಗೆ ವಾಕರಿಕೆ ಬಂತು. ನಾನು ನನಗಾಗಿ ತೆರೆದುಕೊಂಡ ಬಾಗಿಲನ್ನು ಈ ಮನುಷ್ಯ ಕಿತ್ತು ತಂದು ಇನ್ನೊಬ್ಬಳ ಮುಖಕ್ಕೆ ಹಾಕುತ್ತಿದ್ದರು. ಎದ್ದು ಹೋಗಿ ಅವರ ಮುಂದೆ ನಿಂತೆ. ಹೇಳಿದೆ. "ದೊಡ್ಡಪ್ಪಾ, ನಾನು ಗೇಟು ನೋಡಿ ಸೇರ್ಲಿಲ್ಲ. ಅಲ್ಲಿ ಮಾತಾಡ್ಬೌದು ಅಂತ ಸೇರ್ದೆ. ಅವ್ಳಿಗೆ ಎಲ್ಲಿ ಬೇಕೋ ಅಲ್ಲಿ ಸೇರ್ಲಿ."

ಅವರು ಟಿವಿಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡು, ಮಗಳ ಕಡೆ ತಿರುಗಿದರು. "ಕೇಳ್ದಾ? ಅಕ್ಕಾನೂ ಅದ್ನೇ ಏಳ್ತಾವ್ಳೆ."

ಅವರಿಗೆ ಏನು ಹೇಳಿದರೂ ಒಪ್ಪಿಗೆಯಾಗಿಯೇ ಕೇಳಿಸುತ್ತದೆ. ಅಂಥವರ ಜೊತೆ ಏನು ಮಾತಾಡುವುದು? ನಾನು ವಾಪಸು ಬಂದು ಗೋಡೆಗೆ ಬೆನ್ನು ಕೊಟ್ಟು ಕೂತೆ.

ಸೀಟು ಕಳೆದುಹೋಗುವ ದಿನ ಹತ್ತಿರವಾಗುತ್ತಿತ್ತು. ಒಂದು ಬೆಳಿಗ್ಗೆ ಗೋಡೆಯಾಚೆ ಹಾಲು ಕರೆಯುವ ಸದ್ದು ನಿಂತಿತು. ನಲ್ಲಿಯ ಸದ್ದು ಬರಲಿಲ್ಲ. ಮುಚ್ಚಳ ಹಾಕಿದ ಸದ್ದು ಬಂತು. ಕ್ಯಾನು ಹೊತ್ತು ಡೈರಿಗೆ ಹೊರಟದ್ದು ತಂಗಿ, ದೊಡ್ಡಪ್ಪ ಮುಂದೆ ಕೈಬೀಸಿಕೊಂಡು ಹೋಗುತ್ತಿದ್ದರು. ಹಾಲಿಗೆ ನೀರು ಹಾಕುವ ಕೆಲಸ ಒಂದೆರಡು ವರ್ಷದಿಂದ ಅವಳಿಗೇ ಬಿದ್ದಿತ್ತು. ನಾನು ನಮ್ಮ ಕ್ಯಾನು ಹಿಡಿದು ಹಿಂದೆ ನಿಂತಿದ್ದೆ.

ಸೆಕ್ರೆಟರಿ ಅಳೆದ. ಮತ್ತೊಮ್ಮೆ ಅಳೆದ. "ಏನ್ ಯಜಮಾನ್ರೇ, ಇವತ್ತು ಡಿಗ್ರಿ ಈಪಾಟಿ ಬಂದೈತೆ? ಅಸು ಬದ್ಲಾಯಿಸಿದ್ರಾ?"

ದೊಡ್ಡಪ್ಪ ಬಾಯಿ ತೆಗೆಯುವ ಮೊದಲು ತಂಗಿ ಹೇಳಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸಾರಿಗೆ ಉಪ್ಪು ಸಾಕಾ ಎಂದು ಕೇಳುವಂತಿತ್ತು. "ಅಸು ಅದೇ ಕಣಣ್ಣಾ. ಕಲಬೆರಕೆ ನಮ್ಮನೇಗೆ ಆಗ್ಬರಲ್ಲ ಅಂತ ಅಪ್ಪ ದಿನಾ ಏಳ್ತೈತಲ್ಲ, ಅದ್ಕೇ ಇವತ್ತು ನೀರು ಉಯ್ಲಿಲ್ಲ."

ಸಾಲಿನ ಕೊನೆಯಲ್ಲಿದ್ದ ಒಬ್ಬ ಮುದುಕಿ ಸೆರಗು ಬಾಯಿಗೆ ಇಟ್ಟುಕೊಂಡಳು, ಅಲ್ಲಿಂದ ಶುರುವಾದ ನಗು ಮೇಜಿನವರೆಗೂ ಬಂತು. ಸೆಕ್ರೆಟರಿ ತಲೆ ಬಗ್ಗಿಸಿ ಅಂಕಿ ಬರೆದುಕೊಂಡ. ದೊಡ್ಡಪ್ಪ ಮಗಳ ಕೈಯಿಂದ ಖಾಲಿ ಕ್ಯಾನು ಕಿತ್ತುಕೊಂಡು, "ಯಾವ್ ಕಾಲೇಜಿಗಾದ್ರೂ ಓಗ್ ಸಾಯಿ" ಅಂದು ಬಿರಬಿರನೆ ಹೊರಟುಹೋದರು. ತಂಗಿ ನನ್ನ ಕಿವಿಯಲ್ಲಿ, "ಓಗು ಅಂತಲ್ವಾ ಅಕ್ಕಾ, ಮಿಕ್ಕಿದ್ದು ಬಿಟ್ಟಾಕು" ಅಂದಳು. ಅದೇ ವಾರ ನಾನೇ ಅವಳನ್ನು ಬಂಗಾರಪೇಟೆಯಿಂದ ರೈಲು ಹತ್ತಿಸಿ ಕರೆದುಕೊಂಡು ಹೋಗಿ ಸೇರಿಸಿ ಬಂದೆ. ಕೈಯಲ್ಲಿ ಅಮ್ಮನ ಊಟದ ಡಬ್ಬಿಯ ಚೀಲವಿತ್ತು.

ಇಲ್ಲಿಗೆ ನನ್ನ ಅಸಹ್ಯ ಮುಗಿಯಬೇಕಿತ್ತು. ಮುಗಿಯಲಿಲ್ಲ. ದಸರಾ ರಜೆ ಮುಗಿಸಿ ತಂಗಿ ಕಾಲೇಜಿಗೆ ವಾಪಸು ಹೋದ ಮೇಲೆ ಒಂದು ಬೆಳಿಗ್ಗೆ ಅದೇ ಸಾಲು, ಅದೇ ಬೆಂಕಿಕಡ್ಡಿ. ಮಗಳ ಓದಿನ ಬಗ್ಗೆ ಯಾರೋ ಕೇಳಿದರು. "ನಾನೇ ಸೇರ್ಸಿದ್ದು," ಅಂದರು ದೊಡ್ಡಪ್ಪ. "ಇವಾಗಿನ್ ಕಾಲ್ದಲ್ಲಿ ಎಣ್ಣುಡುಗ್ರು ಎಲ್ಲಾರ್ ಜೊತೇಗೂ ಬೆರೀಬೇಕು. ಉಡ್ಗೀರ್ ಕಾಲೇಜ್ಗಾಕಿ ಮೂಲೇಲಿ ಕೂರ್ಸೋ ಕಾಲ ಓಯ್ತು." ಕೇಳಿದವರು ತಲೆಯಾಡಿಸಿದರು. ಅಷ್ಟು ಜನ ನಕ್ಕಿದ್ದರಲ್ಲ, ಒಬ್ಬರಿಗೂ ಅದು ನೆನಪಿದ್ದಂತೆ ಕಾಣಲಿಲ್ಲ.

ಸೆಕ್ರೆಟರಿ ಅವರ ಹಾಲು ಅಳೆದು ಮುಖ ಎತ್ತಿದ. "ಡಿಗ್ರಿ ಮತ್ತೆ ಕಮ್ಮಿ ಐತಲ್ಲ ಯಜಮಾನ್ರೇ."

"ಅಸುಗೆ ಉಸಾರಿಲ್ಲ ಕಣಪ್ಪ."

ನನ್ನ ಗಂಟಲಿಗೆ ಏನೋ ಬಂತು. ವಾಕರಿಕೆ ಅಂದುಕೊಂಡೆ. ಅದು ಮಾತು.

"ದೊಡ್ಡಪ್ಪಾ," ಅಂದೆ, ಸಾಲಿನ ಕೊನೆಯವರೆಗೂ ಕೇಳುವ ಹಾಗೆ, ಕ್ಲಾಸಿನಲ್ಲಿ ಪಾಠ ಹೇಳುವ ಗಂಟಲಿನಲ್ಲಿ. "ತಂಗಿ ಊರಲ್ಲಿಲ್ವಲ್ಲ, ಈಗ ಹಾಲಿಗೆ ನೀರು ಉಯ್ಯೋರು ಯಾರು?"

ಅವರು ತಿರುಗಿಯೂ ನೋಡಲಿಲ್ಲ. ಹೆಣ್ಣುಮಕ್ಕಳ ಪ್ರಶ್ನೆಗೆ ಪೂರ್ತಿ ಕಿವಿಗೊಟ್ಟು ಅವರಿಗೆ ರೂಢಿಯಿಲ್ಲ.

"ಇನ್ಯಾರು," ಅಂದರು ಹಲ್ಲು ಕೆದಕುತ್ತಲೇ, "ನಿಮ್ ದೊಡ್ಡಮ್ಮ."